ಗೆಳೆಯರು ಬರೆದ ಚೀಟಿ: ತರಗತಿಯಲ್ಲಿ ಗ್ಯಾಲರಿ ವಾಕ್

(ಟ್ರಸ್ಟಿನ ವಾರ್ಷಿಕ ಮಹಾಸಭೆ ಹಾಗೂ ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ನಿವೃತ್ತ ಶಿಕ್ಷಕಿಯೊಬ್ಬರು ಮಾಡಿದ ಭಾಷಣ)

 

ವಿದ್ಯಾರ್ಥಿವೇತನದ ಸಭೆಯಲ್ಲಿ ಅಂಕಗಳ ಮಾತು ಬಂದೇ ಬರುತ್ತದೆ. ಯಾರಿಗೆ ಶೇಕಡಾ ಎಷ್ಟು, ಯಾರು ಶಾಲೆಗೆ ಮೊದಲಿಗರು ಎಂಬುದನ್ನು ಈಗಷ್ಟೇ ಕಾರ್ಯದರ್ಶಿಯವರು ಓದಿ ಹೇಳಿದರು. ಸಂತೋಷವಾಯಿತು. ಆದರೆ ಇವತ್ತು ನಮಗೆ ಕೊಟ್ಟಿರುವ ಇಪ್ಪತ್ತು ನಿಮಿಷದಲ್ಲಿ ಅಂಕ ಬರುವುದಕ್ಕಿಂತ ಬಹಳ ಮೊದಲು, ನಾಲ್ಕು-ಐದನೆಯ ತರಗತಿಯಲ್ಲಿ ನಡೆಯುವ ಒಂದು ಸಣ್ಣ ಕೆಲಸದ ಬಗ್ಗೆ ಹೇಳುತ್ತೇವೆ. ಇಲ್ಲಿ ‘ನಾವು’ ಎಂದರೆ ದಕ್ಷಿಣ ಕನ್ನಡದ ಹಳ್ಳಿಯೊಂದರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಜೊತೆಯಾಗಿ ಪಾಠ ಮಾಡಿದ ಮೂವರು ಶಿಕ್ಷಕಿಯರು ಎಂದು ತಿಳಿಯಬೇಕು. ಮೂವರೂ ಈಗ ನಿವೃತ್ತರು. ಮಾಡಿದ ಕೆಲಸ ಮೂವರದ್ದು, ತಪ್ಪೂ ಮೂವರದ್ದು.

ಆ ಕೆಲಸದ ಹೆಸರು ಗ್ಯಾಲರಿ ವಾಕ್. ಹೆಸರು ದೊಡ್ಡದು, ಕೆಲಸ ಸರಳ. ಮಕ್ಕಳು ಬರೆದದ್ದನ್ನು, ಚಿತ್ರಿಸಿದ್ದನ್ನು, ಲೆಕ್ಕ ಮಾಡಿದ್ದನ್ನು ಪುಸ್ತಕದೊಳಗೆ ಮುಚ್ಚಿಡದೆ ಗೋಡೆಗೆ ಹಚ್ಚುವುದು ಅಥವಾ ಹಗ್ಗಕ್ಕೆ ತೂಗುಹಾಕುವುದು. ಉಳಿದ ಮಕ್ಕಳು ಸುತ್ತು ಬಂದು ಅದನ್ನು ಓದುವುದು. ಓದಿದ ಮೇಲೆ ತಮಗೆ ಅರ್ಥವಾದದ್ದನ್ನು, ಅರ್ಥವಾಗದ್ದನ್ನು ಸಣ್ಣ ಚೀಟಿಯಲ್ಲಿ ಬರೆದು ಪಕ್ಕದಲ್ಲಿ ಅಂಟಿಸುವುದು. ಬರೆದ ಮಗು ಆ ಚೀಟಿಗಳನ್ನು ಓದಿ ತನ್ನ ಹಾಳೆಯನ್ನು ಮತ್ತೊಮ್ಮೆ ಮಾಡುವುದು. ಇಷ್ಟೇ. ನಮ್ಮ ಮಕ್ಕಳು ಇದಕ್ಕೆ ‘ಸುತ್ತು ಬರುವುದು’ ಎಂದು ಹೆಸರಿಟ್ಟರು.

ಇದು ನಮ್ಮ ರಾಜ್ಯಕ್ಕೆ ತೀರ ಹೊಸದೂ ಅಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಆರಂಭವಾದ ನಲಿ-ಕಲಿ ನಿಮಗೆ ಗೊತ್ತಿದೆ. ಆ ತರಗತಿಗಳಲ್ಲಿ ಮಕ್ಕಳು ನೆಲದಲ್ಲಿ ಗುಂಪಾಗಿ ಕೂರುತ್ತಾರೆ. ಟೀಚರ ನೆರವಿನಿಂದ ಕಲಿಯುವ ಗುಂಪು ಇರುವ ಹಾಗೆ ಗೆಳೆಯರ ನೆರವಿನಿಂದ ಕಲಿಯುವ ಗುಂಪೂ ಇರುತ್ತದೆ. ಮಕ್ಕಳು ಮಾಡಿದ ಚಿತ್ರ, ಬರಹ ತಲೆಯ ಮೇಲಿನ ದಾರದಲ್ಲಿ ತೂಗುತ್ತಿರುತ್ತವೆ. ಅದೇ ಮಕ್ಕಳು ನಾಲ್ಕನೆಯ ತರಗತಿಗೆ ಬಂದಾಗ ಬೆಂಚಿನ ಮೇಲೆ ಸಾಲಾಗಿ ಕೂರುತ್ತಾರೆ. ಎದುರಿಗೆ ಹಲಗೆ, ಪಕ್ಕದವನ ಪುಸ್ತಕ ನೋಡಿದರೆ ಪೆಟ್ಟು. ಅಲ್ಲಿಂದ ಮುಂದೆ ಮಗು ಬರೆಯುವುದು ಒಬ್ಬರಿಗಾಗಿ ಮಾತ್ರ, ಕೆಂಪು ಪೆನ್ನು ಹಿಡಿದ ಟೀಚರಿಗಾಗಿ. ನಾವೂ ವರ್ಷಗಟ್ಟಲೆ ಹಾಗೆಯೇ ನಡೆಸಿದವರು. ರಾತ್ರಿ ಊಟ ಮುಗಿಸಿ ಮೂವತ್ತು-ನಲವತ್ತು ಪುಸ್ತಕ ತಿದ್ದುತ್ತಿದ್ದೆವು. ಮರುದಿನ ಮಕ್ಕಳು ಪುಸ್ತಕ ತೆರೆದು ‘ಉತ್ತಮ’ ಇದೆಯೋ ‘ಸುಧಾರಿಸಬೇಕು’ ಇದೆಯೋ ಎಂದಷ್ಟೇ ನೋಡಿ ಮುಚ್ಚುತ್ತಿದ್ದರು. ನಾವು ಅಂಚಿನಲ್ಲಿ ಬರೆದ ಎರಡು ಸಾಲನ್ನು ಓದುತ್ತಿದ್ದವರು ಬೆರಳೆಣಿಕೆಯಷ್ಟು.

ಇದು ನಮ್ಮ ಶಾಲೆಯ ಕಥೆ ಮಾತ್ರವಲ್ಲ. ರೂತ್ ಬಟ್ಲರ್ ಎಂಬ ಸಂಶೋಧಕಿ 1988ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕೆಲವು ಮಕ್ಕಳಿಗೆ ಅಂಕ ಮಾತ್ರ, ಕೆಲವರಿಗೆ ಟಿಪ್ಪಣಿ ಮಾತ್ರ, ಇನ್ನು ಕೆಲವರಿಗೆ ಅಂಕ ಮತ್ತು ಟಿಪ್ಪಣಿ ಎರಡನ್ನೂ ಕೊಟ್ಟು ನೋಡಿದರು. ಮುಂದಿನ ಕೆಲಸದಲ್ಲಿ ಸುಧಾರಣೆ ಕಂಡದ್ದು ಟಿಪ್ಪಣಿ ಮಾತ್ರ ಪಡೆದವರಲ್ಲಿ. ಎರಡನ್ನೂ ಪಡೆದ ಮಕ್ಕಳಿಗೆ ಟಿಪ್ಪಣಿಯ ಪ್ರಯೋಜನ ಆಗಲಿಲ್ಲ. ಅಂಕ ಕಂಡ ಕಣ್ಣು ಅಲ್ಲಿಯೇ ನಿಂತುಬಿಡುತ್ತದೆ. ತರಬೇತಿಯೊಂದರಲ್ಲಿ ಇದನ್ನು ಕೇಳಿದಾಗ ನಮ್ಮ ರಾತ್ರಿಗಳ ಲೆಕ್ಕ ಹಾಕಿ ನಾವು ಮುಖ ಮುಖ ನೋಡಿಕೊಂಡೆವು.

ಹಾಗಾಗಿ ಗ್ಯಾಲರಿ ವಾಕ್ ಮಾಡೋಣ ಎಂದು ಹೊರಟೆವು. ನಾವು ನಿವೃತ್ತರಾಗಲು ಆರೇಳು ವರ್ಷ ಉಳಿದಿತ್ತು. ಮೊದಲ ಪ್ರಯತ್ನದಲ್ಲಿ ಏನಾಯಿತು ಎಂಬುದನ್ನು ಮುಚ್ಚಿಡದೆ ಹೇಳಬೇಕು. ಯಾಕೆಂದರೆ ಈ ಸಭೆಯಲ್ಲಿ ಯುವ ಶಿಕ್ಷಕರು ಕೆಲವರಿದ್ದಾರೆ.

ಅದು ಫೆಬ್ರವರಿ. ನಾಲ್ಕನೆಯ ತರಗತಿಯ 32 ಮಕ್ಕಳಿಗೆ ‘ನನ್ನ ಮನೆ’ ಎಂಬ ಬಗ್ಗೆ ಒಂದು ಪುಟ ಬರೆಯಲು ಹೇಳಿದೆವು. ಎಲ್ಲ ಹಾಳೆಗಳನ್ನೂ ಹೆಸರಿನ ಸಮೇತ ಗೋಡೆಗೆ ಹಚ್ಚಿದೆವು. ಕೈಗೆ ಚೀಟಿ ಕೊಟ್ಟು, “ಓದಿ ನಿಮ್ಮ ಅಭಿಪ್ರಾಯ ಬರೆಯಿರಿ” ಎಂದೆವು. ಅಭಿಪ್ರಾಯ ಎಂದರೇನು, ಹೇಗೆ ಬರೆಯಬೇಕು, ಯಾರ ಹಾಳೆಗೆ ಬರೆಯಬೇಕು ಎಂದು ಒಂದು ಮಾತೂ ಹೇಳಲಿಲ್ಲ. ಮಕ್ಕಳಿಗೆ ಗೊತ್ತಿದ್ದ ಅಭಿಪ್ರಾಯ ಒಂದೇ, ನಮ್ಮಿಂದ ಕಲಿತದ್ದು. ತರಗತಿಯ ಜಾಣ ಹುಡುಗನ ಹಾಳೆಯ ಸುತ್ತ ಹನ್ನೊಂದು ‘ಸೂಪರ್’ ಬಂತು. ಅರ್ಧ ತರಗತಿಗೆ ಒಂದು ಚೀಟಿಯೂ ಬರಲಿಲ್ಲ. ಹಿಂದಿನ ಬೆಂಚಿನ ಒಬ್ಬಳು ಹುಡುಗಿಯ ಹಾಳೆಗೆ ನಾಲ್ಕು ಚೀಟಿ ಬಂತು. ಮೂರರಲ್ಲಿ ‘ಅಕ್ಷರ ಚೆಂದ ಇಲ್ಲ’ ಎಂದಿತ್ತು. ನಾಲ್ಕನೆಯದರಲ್ಲಿ ಮಾತೇ ಇಲ್ಲ, ನಗುವ ಮುಖದ ಚಿತ್ರ.

ಮಧ್ಯಾಹ್ನದ ಊಟದ ಹೊತ್ತಿಗೆ ಗೋಡೆಯಲ್ಲಿ ಆ ಹಾಳೆ ಇರಲಿಲ್ಲ. ಅವಳೇ ಕಿತ್ತು ಮಡಚಿ ಚೀಲದಲ್ಲಿ ಹಾಕಿಕೊಂಡಿದ್ದಳು. ನಾವು ಗಮನಿಸಿದ್ದು ಸಂಜೆ, ಗೋಡೆ ಖಾಲಿ ಮಾಡುವಾಗ. ಮರುದಿನ ಅವಳು ಬರಲಿಲ್ಲ. ಮೂರನೆಯ ದಿನವೂ ಬರದಿದ್ದಾಗ ಮನೆಗೆ ಹೋದೆವು. ತಾಯಿ ಜಗಲಿಯಲ್ಲಿ ಮೊರವನ್ನು ಮಡಿಲಿನಲ್ಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಕೂರಲು ಚಾಪೆ ಹಾಸಿದರು, ನೀರು-ಬೆಲ್ಲ ಕೊಟ್ಟರು. ನಾವು ಏನೋ ಸಮಾಧಾನ ಹೇಳಲು ಹೊರಟೆವು. ಅವರು ಬ್ಯಾರಿ ಭಾಷೆಯಲ್ಲಿ ಹೇಳಿದ ಮಾತನ್ನು ಕನ್ನಡದಲ್ಲಿ ಹೇಳುವುದಾದರೆ ಇಷ್ಟು: “ಟೀಚರೇ, ನಿಮ್ಮ ಕೆಂಪು ಗೆರೆಗೆ ಅವಳು ಅಳುವುದಿಲ್ಲ. ಅದು ಪುಸ್ತಕದ ಒಳಗೆ ಇರ್ತದೆ, ಮುಚ್ಚಿದರೆ ಮುಗಿಯಿತು. ಇದು ಎಲ್ಲರೂ ನೋಡುವ ಗೋಡೆಯಲ್ಲಿತ್ತಲ್ಲ.”

ಬಿ.ಎಡ್. ಓದುವಾಗ ಮೌಲ್ಯಮಾಪನದ ಬಗ್ಗೆ ನಾವು ಪುಟಗಟ್ಟಲೆ ಬರೆದಿದ್ದೆವು. ಈ ಒಂದು ಮಾತು ಅದರಲ್ಲಿ ಎಲ್ಲಿಯೂ ಇರಲಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೆಯ ಸೆಕ್ಷನ್ ಮಗು ಭಯ, ಆಘಾತ, ಆತಂಕ ಇಲ್ಲದೆ ಕಲಿಯಬೇಕು, ತನ್ನ ಅನಿಸಿಕೆಯನ್ನು ಮುಕ್ತವಾಗಿ ಹೇಳುವಂತಾಗಬೇಕು ಎನ್ನುತ್ತದೆ. ಆ ಕಾಯ್ದೆಯ ಪ್ರತಿ ನಮ್ಮ ಕಪಾಟಿನಲ್ಲೇ ಇತ್ತು. 31 ಮಕ್ಕಳಿಗೆ ಅನಿಸಿಕೆ ಹೇಳಲು ಬಿಟ್ಟು ಒಬ್ಬಳಿಗೆ ಭಯ ಹುಟ್ಟಿಸಿದ್ದೆವು. ಹುಡುಗಿ ನಾಲ್ಕನೆಯ ದಿನ ಬಂದಳು. ಆದರೆ ಆ ವರ್ಷ ಮುಗಿಯುವವರೆಗೆ ಬರೆಯುವಾಗ ಎಡಗೈಯನ್ನು ಹಾಳೆಗೆ ಅಡ್ಡ ಹಿಡಿದೇ ಬರೆದಳು.

ಆ ಬೇಸಿಗೆ ರಜೆಯಲ್ಲಿ ನಾವು ಮೂವರು ಎರಡು-ಮೂರು ಸಲ ಕೂತು ಮಾತಾಡಿದೆವು. ಬಿಟ್ಟುಬಿಡೋಣ ಎಂದು ಒಬ್ಬರು. ಮಕ್ಕಳು ಒಬ್ಬರಿಗೊಬ್ಬರು ಹೇಳಿಯೇ ಹೇಳುತ್ತಾರೆ, ಆಟದ ಬಯಲಿನಲ್ಲಿ, ದಾರಿಯಲ್ಲಿ. ಅದನ್ನು ಚೆನ್ನಾಗಿ ಹೇಳಲು ನಾವು ಕಲಿಸದಿದ್ದರೆ ಇನ್ನು ಯಾರು ಕಲಿಸುವುದು ಎಂದು ಇನ್ನೊಬ್ಬರು. ಕೊನೆಗೆ ಎರಡನೆಯ ಮಾತು ಗೆದ್ದಿತು.

ಆ ಹೊತ್ತಿಗೆ ಒಂದು ವಿಡಿಯೊ ನಮಗೆ ಸಹಾಯವಾಯಿತು. ಅಮೆರಿಕದ ಇಡಾಹೊ ರಾಜ್ಯದ ಬಾಯ್ಸಿ ಊರಿನ ಒಂದನೆಯ ತರಗತಿಯ ಆಸ್ಟಿನ್ ಎಂಬ ಹುಡುಗ ಬಿಡಿಸಿದ ಚಿಟ್ಟೆಯ ಚಿತ್ರಗಳನ್ನು ರಾನ್ ಬರ್ಗರ್ ಎಂಬ ಶಿಕ್ಷಕ ಬೇರೆ ಮಕ್ಕಳಿಗೆ ತೋರಿಸುತ್ತಾರೆ. ಹುಡುಗನ ಮೊದಲ ಚಿತ್ರ ಯಾವ ಮಗುವಾದರೂ ಬಿಡಿಸುವಂಥದ್ದು. ಸಹಪಾಠಿಗಳು ಮೊದಲು ರೆಕ್ಕೆಯ ಆಕಾರದ ಬಗ್ಗೆ ಮಾತ್ರ ಹೇಳಿದರು, ಆಮೇಲೆ ರೆಕ್ಕೆಯ ಮೇಲಿನ ಪಟ್ಟೆಗಳ ಬಗ್ಗೆ. ಪ್ರತಿ ಸಲವೂ ಅವನು ಮತ್ತೆ ಬಿಡಿಸಿದ. ಆರನೆಯ ಚಿತ್ರ ನೋಡಿದರೆ ಅದೇ ಮಗು ಬಿಡಿಸಿದ್ದು ಎಂದು ನಂಬಲಾಗುವುದಿಲ್ಲ. ಬರ್ಗರ್ ಅವರು ಹೇಳುವ ನಿಯಮ ಮೂರೇ: ಮಾತು ಮೃದುವಾಗಿರಲಿ, ನಿರ್ದಿಷ್ಟವಾಗಿರಲಿ, ಉಪಯೋಗಕ್ಕೆ ಬರಲಿ. ನಮ್ಮ ಫೆಬ್ರವರಿಯ ಚೀಟಿಗಳಲ್ಲಿ ‘ಸೂಪರ್’ ಮೃದುವಾಗಿತ್ತು, ಉಪಯೋಗಕ್ಕಿರಲಿಲ್ಲ. ‘ಅಕ್ಷರ ಚೆಂದ ಇಲ್ಲ’ ಎಂಬುದರಲ್ಲಿ ಮೂರೂ ಇರಲಿಲ್ಲ. ಇನ್ನೂ ಮುಖ್ಯವಾದದ್ದು, ನಾವು ಎರಡನೆಯ ಸಲ ಬರೆಯಲು ಯಾರಿಗೂ ಅವಕಾಶವನ್ನೇ ಕೊಟ್ಟಿರಲಿಲ್ಲ. ಮತ್ತೆ ಮಾಡಲು ಅವಕಾಶ ಇಲ್ಲದಿದ್ದರೆ ಸಲಹೆ ಬರೀ ತೀರ್ಪು ಆಗುತ್ತದೆ.

ಜೂನ್ ತಿಂಗಳಲ್ಲಿ ಅದೇ ಮಕ್ಕಳು ಐದನೆಯ ತರಗತಿಗೆ ಬಂದರು. ಈ ಸಲ ಗೋಡೆಗೆ ಮೊದಲು ಹೋದದ್ದು ನಮ್ಮ ಹಾಳೆ. ‘ಮನೆಯಿಂದ ಶಾಲೆಗೆ ದಾರಿ’ ಎಂದು ನಾವು ಮೂವರೂ ಒಂದೊಂದು ನಕ್ಷೆ ಬಿಡಿಸಿ ಹಾಕಿದೆವು. “ಇದನ್ನು ಹಿಡಿದು ನಮ್ಮ ಮನೆಗೆ ಬರಬಹುದೋ ನೋಡಿ” ಎಂದೆವು. ಮೊದಲು ಮಕ್ಕಳು ಸುಮ್ಮನೆ ನಿಂತರು. ಟೀಚರ ತಪ್ಪು ಹೇಳುವುದು ಹೇಗೆ? ಆಮೇಲೆ ಒಬ್ಬ ಮೆಲ್ಲಗೆ, “ಟೀಚರ್, ಇದರಲ್ಲಿ ಶಾಲೆಯ ಗೇಟೇ ಇಲ್ಲ” ಎಂದ. ಇನ್ನೊಬ್ಬಳು, “ಬಸ್ಸಿನಿಂದ ಇಳಿದು ಯಾವ ಬದಿಗೆ ನಡೆಯುವುದು ಅಂತ ಗೊತ್ತಾಗುವುದಿಲ್ಲ” ಎಂದಳು. ನಾವು ಅಲ್ಲಿಯೇ ಒರೆಸಿ ತಿದ್ದಿದೆವು. ತಪ್ಪು ತೋರಿಸಿದ್ದಕ್ಕೆ ಯಾರೂ ಬೈಯಲಿಲ್ಲ, ತಪ್ಪು ಮಾಡಿದವರು ಯಾರೂ ಅಳಲಿಲ್ಲ. ಅವತ್ತಿನ ಪಾಠ ಅಷ್ಟೇ.

ಆ ಮೇಲೆ ನಾವು ಇಟ್ಟುಕೊಂಡ ಕ್ರಮವನ್ನು ಹೇಳುತ್ತೇವೆ. ಶಿಕ್ಷಕರು ಬೇಕಿದ್ದರೆ ಬರೆದುಕೊಳ್ಳಬಹುದು.

ಒಂದು, ಹಲಗೆಯ ಮೇಲೆ ಮೂರು ವಾಕ್ಯದ ಆರಂಭ ಬರೆಯುತ್ತಿದ್ದೆವು: ‘ನನಗೆ ಅರ್ಥವಾದದ್ದು…’, ‘ನನಗೆ ಗೊತ್ತಾಗದೆ ಇದ್ದದ್ದು…’, ‘ಹೀಗೆ ಮಾಡಿದರೆ ಆಗಬಹುದು…’. ಚೀಟಿ ಈ ಮೂರರಲ್ಲಿ ಒಂದರಿಂದಲೇ ಶುರುವಾಗಬೇಕು. ಅಕ್ಷರದ ಅಂದ, ಕಾಗುಣಿತದ ತಪ್ಪು ಚೀಟಿಯಲ್ಲಿ ಬರುವಂತಿಲ್ಲ. ಅದು ನಮ್ಮ ಕೆಲಸ, ಬೇರೆ ದಿನದ ಕೆಲಸ.

ಎರಡು, ಯಾರು ಯಾರಿಗೆ ಬರೆಯಬೇಕೆಂಬುದನ್ನು ಮಕ್ಕಳ ಇಷ್ಟಕ್ಕೆ ಬಿಡಲಿಲ್ಲ. ಹಾಜರಿ ಪುಸ್ತಕದಲ್ಲಿ 5ನೆಯವರು 6, 7, 8ನೆಯವರ ಹಾಳೆಗೆ ಬರೆಯಬೇಕು, 32ನೆಯವರು 1, 2, 3ನೆಯವರಿಗೆ. ಆಗ ಯಾರಿಗೂ ಹನ್ನೊಂದು ಬರುವುದಿಲ್ಲ, ಯಾರ ಹಾಳೆಯೂ ಖಾಲಿ ಉಳಿಯುವುದಿಲ್ಲ, ಎಲ್ಲರಿಗೂ ಮೂರು. ಮುಂದಿನ ಸಲ ಹತ್ತು ಅಂಕೆ ಬಿಟ್ಟು ಎಣಿಸಿದರೆ ಜೊತೆ ಬದಲಾಗುತ್ತದೆ. ಚೀಟಿ ಬರೆದವರು ಕೆಳಗೆ ತಮ್ಮ ಹೆಸರು ಹಾಕಲೇಬೇಕು. ಹೆಸರು ಹಾಕಬೇಕಾದಾಗ ನಗುವ ಮುಖಗಳು ತಾವಾಗಿಯೇ ನಿಂತವು.

ಮೂರು, ಎರಡು ಪಿರಿಯಡ್ ಒಟ್ಟಿಗೆ ತೆಗೆದುಕೊಂಡೆವು, ಎಂಬತ್ತು ನಿಮಿಷ. ಮೊದಲ ಹತ್ತು ನಿಮಿಷ ಮಾತಾಡದೆ ನೋಡುವುದು, ಇಪ್ಪತ್ತು ನಿಮಿಷ ಚೀಟಿ ಬರೆಯುವುದು, ಹತ್ತು ನಿಮಿಷ ತನಗೆ ಬಂದ ಚೀಟಿ ಓದುವುದು. ಉಳಿದ ನಲವತ್ತು ನಿಮಿಷ ತನ್ನ ಹಾಳೆಯನ್ನು ಮತ್ತೆ ಮಾಡುವುದು. ಮೂರು ಸಲಹೆಯಲ್ಲಿ ಒಂದನ್ನಾದರೂ ಬಳಸಬೇಕು. ಯಾವುದನ್ನು ಎಂಬುದು ಬರೆದ ಮಗುವಿನ ಆಯ್ಕೆ. ಒಂದನ್ನೂ ಒಪ್ಪದಿದ್ದರೆ ಯಾಕೆ ಎಂದು ಹೇಳಬೇಕು. ಆ ದಿನ ಅಂಕ ಇಲ್ಲ.

ನಾಲ್ಕು, ಮಾತಿನ ಭಾಷೆಗೆ ನಿರ್ಬಂಧ ಇಡಲಿಲ್ಲ. ನಮ್ಮ ತರಗತಿಯಲ್ಲಿ ಬ್ಯಾರಿ, ತುಳು, ಕೊಂಕಣಿ ಮನೆಮಾತಿನ ಮಕ್ಕಳಿದ್ದರು. ಹಾಳೆಯ ಮುಂದೆ ನಿಂತು ಯಾವ ಭಾಷೆಯಲ್ಲಾದರೂ ಚರ್ಚೆ ಮಾಡಲಿ, ಚೀಟಿ ಕನ್ನಡದಲ್ಲಿರಲಿ ಎಂದೆವು. ಬರೆಯಲು ಕಷ್ಟಪಡುವ ಮಗುವಿಗೆ ಬಾಯಲ್ಲಿ ಹೇಳಿ ಜೊತೆಯವರಿಂದ ಬರೆಸಲು ಅವಕಾಶ ಇತ್ತು. ಒಳ್ಳೆಯ ಪ್ರಶ್ನೆಗಳು ಹಲವು ಸಲ ಇಂಥ ಮಕ್ಕಳಿಂದಲೇ ಬಂದವು.

ಖರ್ಚಿನ ಬಗ್ಗೆ ಕೇಳುವವರಿಗೆ ಹೇಳುತ್ತೇವೆ, ಹೆಚ್ಚೇನೂ ಇಲ್ಲ. ಹಳೆಯ ಕ್ಯಾಲೆಂಡರಿನ ಹಿಂಬದಿ, ಒಂದು ಬದಿ ಬಳಸಿದ ಕಾಗದದಿಂದ ಕತ್ತರಿಸಿದ ಚೀಟಿ, ಪೆನ್ಸಿಲ್. ಮಳೆಗಾಲದಲ್ಲಿ ನಮ್ಮ ಕಡೆಯ ಗೋಡೆಗೆ ಯಾವ ಅಂಟೂ ಹಿಡಿಯುವುದಿಲ್ಲ. ಜಗಲಿಯ ಕಂಬದಿಂದ ಕಂಬಕ್ಕೆ ಹಗ್ಗ ಕಟ್ಟಿ, ಬಟ್ಟೆಗೆ ಹಾಕುವ ಕ್ಲಿಪ್ಪಿನಲ್ಲಿ ಹಾಳೆ ಸಿಕ್ಕಿಸಿದೆವು.

ಇನ್ನು ಆ ಹುಡುಗಿಯ ವಿಷಯ. ಜುಲೈ ತಿಂಗಳಲ್ಲಿ ಮಕ್ಕಳೆಲ್ಲ ತಮ್ಮ ತಮ್ಮ ನಕ್ಷೆ ಮಾಡಿದರು. ಅವಳದ್ದನ್ನು ತೂಗುಹಾಕಲೇಬೇಕೆಂದು ನಾವು ಒತ್ತಾಯಿಸಲಿಲ್ಲ. “ಬೇಡವಾದರೆ ಬೇಡ, ನೀನು ಬೇರೆಯವರಿಗೆ ಚೀಟಿ ಮಾತ್ರ ಬರೆ” ಎಂದೆವು. ಅವಳು ಒಂದು ಸುತ್ತು ಬಂದು ಮೂರು ಚೀಟಿ ಬರೆದಳು. ಆಮೇಲೆ ತಾನೇ ಒಂದು ಕ್ಲಿಪ್ಪು ತೆಗೆದುಕೊಂಡು ಹಗ್ಗದ ಕೊನೆಯಲ್ಲಿ, ಕಂಬದ ಮರೆಗೆ ತನ್ನ ಹಾಳೆ ಸಿಕ್ಕಿಸಿದಳು. ಅವಳ ನಕ್ಷೆಯಲ್ಲಿ ಮನೆ, ಅಡಿಕೆ ತೋಟ, ಒಂದು ತೋಡು, ತೋಡಿಗೆ ಅಡ್ಡವಾಗಿ ಎರಡು ಗೆರೆ, ಆಮೇಲೆ ಗುಡ್ಡೆ, ಶಾಲೆ. ಬಂದ ಚೀಟಿಗಳಲ್ಲಿ ಒಂದು ಹೀಗಿತ್ತು: ‘ನನಗೆ ಗೊತ್ತಾಗದೆ ಇದ್ದದ್ದು, ಈ ಎರಡು ಗೆರೆ ಸಂಕವಾ? ಮಳೆಗೆ ನೀನು ಹೇಗೆ ದಾಟುವುದು?’

ಅವಳು ಎರಡನೆಯ ಹಾಳೆಯಲ್ಲಿ ಸಂಕವನ್ನು ದೊಡ್ಡದಾಗಿ ಬಿಡಿಸಿದಳು. ಎರಡು ಅಡಿಕೆ ಮರದ ಕಾಲುಸಂಕ, ಹಿಡಿಯಲು ಒಂದು ಬದಿಗೆ ಬಿದಿರು. ಕೆಳಗೆ ಬರೆದಳು: ‘ನೀರು ಜಾಸ್ತಿ ಆದರೆ ಉಮ್ಮ ಬಿಡುವುದಿಲ್ಲ. ರಸ್ತೆಯಲ್ಲಿ ಸುತ್ತಿ ಬರುತ್ತೇನೆ. ಆಗ ತಡ ಆಗುತ್ತದೆ.’ ಜೊತೆಗೆ ಆ ಸುತ್ತು ದಾರಿಯನ್ನೂ ಚುಕ್ಕೆ ಚುಕ್ಕೆಯಾಗಿ ತೋರಿಸಿದ್ದಳು. ಬೇರೆ ಯಾರ ನಕ್ಷೆಯಲ್ಲೂ ಎರಡು ದಾರಿ ಇರಲಿಲ್ಲ.

ನಾಲ್ಕು ವರ್ಷದಿಂದ ಅವಳು ನಮ್ಮ ಶಾಲೆಯಲ್ಲಿದ್ದಳು. ಪ್ರತಿ ಮಳೆಗಾಲ ತಡವಾಗಿ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದಳು. ಪ್ರತಿ ಸಲ “ಬೇಗ ಏಳಲು ಏನು ಕಷ್ಟ?” ಎಂದು ಕೇಳಿದವರು ನಾವು. ದಾರಿ ಹೇಗಿದೆ ಎಂದು ಕೇಳಿದ್ದು ಹತ್ತು ವರ್ಷದ ಒಬ್ಬ ಸಹಪಾಠಿ. ಅವಳ ಮನೆಗೆ ಹೋದಾಗ ನಾವು ಅದೇ ತೋಡು ದಾಟಿದ್ದೆವು. ಅದು ಫೆಬ್ರವರಿ, ನೀರಿರಲಿಲ್ಲ, ನಮಗೆ ಏನೂ ಹೊಳೆಯಲಿಲ್ಲ. ಆ ದಿನದಿಂದ ಮಳೆಗೆ ತಡವಾಗಿ ಬಂದ ಮಕ್ಕಳನ್ನು ಬಾಗಿಲಲ್ಲಿ ನಿಲ್ಲಿಸುವುದನ್ನು ಬಿಟ್ಟೆವು. ಐದನೆಯ ತರಗತಿಯ ಮಕ್ಕಳು ಅದೇ ನಕ್ಷೆಯನ್ನು ಇಟ್ಟುಕೊಂಡು ಪಂಚಾಯತಿಗೆ ಒಂದು ಅರ್ಜಿ ಬರೆದರು. ಆ ಅರ್ಜಿಯ ಕರಡನ್ನೂ ಹಗ್ಗಕ್ಕೆ ಹಾಕಿ ತಿದ್ದಿದರು. ಸೇತುವೆ ಕೂಡಲೇ ಆಗಲಿಲ್ಲ. ಸಂಕಕ್ಕೆ ಇನ್ನೊಂದು ಬದಿಗೂ ಹಿಡಿಕೆ ಬಂತು; ಊರವರೇ ಕಟ್ಟಿದರು. ಹುಡುಗಿ ಏಳನೆಯ ತರಗತಿ ಮುಗಿಸಿ ಪೇಟೆಯ ಹೈಸ್ಕೂಲಿಗೆ ಹೋದಳು. ಅವಳ ಅಕ್ಷರ ಕೊನೆಯವರೆಗೂ ಅಂಥ ಚೆಂದವೇನೂ ಆಗಲಿಲ್ಲ. ಆದರೆ ಕೈ ಅಡ್ಡ ಹಿಡಿಯುವುದನ್ನು ಬಿಟ್ಟಿದ್ದಳು.

ತೊಂದರೆಗಳೂ ಇದ್ದವು. ಗಲಾಟೆ ಆಗುತ್ತದೆ, ಪಕ್ಕದ ತರಗತಿಯವರು ದೂರುತ್ತಾರೆ. ಸಮಯ ಹಿಡಿಯುತ್ತದೆ; ನಾವು ತಿಂಗಳಿಗೆ ಒಂದೆರಡು ಸಲಕ್ಕಿಂತ ಹೆಚ್ಚು ಮಾಡಿದ್ದಿಲ್ಲ. ಇನ್ನೊಬ್ಬರ ಹಾಳೆ ನೋಡಿ ನಕಲು ಮಾಡುವವರು ಇರುತ್ತಾರೆ. ಅದಕ್ಕೆ ನಾವು, “ತೆಗೆದುಕೊಳ್ಳಬಹುದು, ಆದರೆ ಯಾರಿಂದ ತೆಗೆದುಕೊಂಡೆ ಎಂದು ಕೆಳಗೆ ಬರೆಯಬೇಕು” ಎಂದೆವು. ಭಿನ್ನರಾಶಿಯ ಲೆಕ್ಕದಲ್ಲಿ ತಪ್ಪು ಉತ್ತರವನ್ನೇ ಸರಿ ಎಂದು ಮೂವರೂ ಚೀಟಿ ಬರೆದದ್ದುಂಟು. ಹಾಗಾಗಿ ಕೊನೆಯ ಮಾತು ಟೀಚರದ್ದೇ ಇರಬೇಕು. ಮಕ್ಕಳು ಸುತ್ತು ಬರುವಾಗ ನಾವೂ ಚೀಟಿಗಳನ್ನು ಓದುತ್ತಾ ಸುತ್ತಬೇಕು. ಕುರ್ಚಿಯಲ್ಲಿ ಕೂತು ಮಾಡಿಸುವ ಕೆಲಸ ಇದಲ್ಲ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಮಗುವಿನ ಪ್ರಗತಿ ಪತ್ರದಲ್ಲಿ ಟೀಚರ ಮೌಲ್ಯಮಾಪನದ ಜೊತೆಗೆ ಸ್ವಂತ ಮೌಲ್ಯಮಾಪನ, ಸಹಪಾಠಿಗಳ ಮೌಲ್ಯಮಾಪನ ಇರಬೇಕೆಂದು ಹೇಳಿದೆ. ಕಾಗದದಲ್ಲಿ ಒಂದು ಕಾಲಂ ಹೆಚ್ಚಾದರೆ ಅದು ತುಂಬುವುದು ಸುಲಭ. ನಮ್ಮ ಫೆಬ್ರವರಿಯ ಹಾಗೆ ಆಗದಿರಲಿ ಎಂದೇ ಇಷ್ಟೆಲ್ಲ ಹೇಳಿದೆವು.

ಕೊನೆಯದಾಗಿ ಈ ಸಭೆಗೆ ಮೂರು ವಿನಂತಿ.

ತಾಯಿ-ತಂದೆಯವರಲ್ಲಿ: ಮಗು ಹಾಳೆ ತಂದು ತೋರಿಸಿದಾಗ ಅಂಕ ಎಷ್ಟು ಎಂದು ಮೊದಲು ಕೇಳಬೇಡಿ. “ಇದರಲ್ಲಿ ನಿನಗೆ ಕಷ್ಟವಾದದ್ದು ಯಾವುದು?” ಎಂದು ಕೇಳಿ. ನಿಮಗೆ ಓದಲು ಬಾರದಿದ್ದರೂ ಈ ಪ್ರಶ್ನೆ ಕೇಳಬಹುದು. ಬೀಡಿ ಕಟ್ಟುತ್ತಾ ಕೂತಿದ್ದ ಆ ತಾಯಿ ಹೇಳಿದ ಮಾತು ನಮಗೆ ಯಾವ ತರಬೇತಿಯೂ ಕಲಿಸದ್ದನ್ನು ಕಲಿಸಿತು.

ಟ್ರಸ್ಟಿನ ಹಿರಿಯರಲ್ಲಿ: ಅರ್ಜಿಯಲ್ಲಿ ಅಂಕಪಟ್ಟಿಯ ಜೊತೆಗೆ ವಿದ್ಯಾರ್ಥಿ ತನ್ನ ಬಗ್ಗೆ ಬರೆಯುವ ಒಂದು ಪುಟಕ್ಕೂ ಜಾಗವಿದೆ. ದಯವಿಟ್ಟು ಆ ಪುಟವನ್ನು ಓದಿ. ತಡವಾಗಿ ಬರುವ ಮಗುವಿನ ದಾರಿಯಲ್ಲಿ ಯಾವ ತೋಡು ಇದೆ ಎಂಬುದು ಅಂಕಪಟ್ಟಿಯಲ್ಲಿ ಇರುವುದಿಲ್ಲ.

ವಿದ್ಯಾರ್ಥಿಗಳಲ್ಲಿ: ಮುಂದಿನ ವರ್ಷದ ಅರ್ಜಿಯ ಪ್ರಕಟಣೆ ಇದೇ ವರದಿಯ ಕೊನೆಯಲ್ಲಿದೆ. ನಿಮ್ಮ ಒಂದು ಪುಟವನ್ನು ಬರೆದ ಕೂಡಲೇ ಕಳುಹಿಸಬೇಡಿ. ಒಬ್ಬ ಗೆಳೆಯನಿಗೋ ಗೆಳತಿಗೋ ಓದಲು ಕೊಡಿ. ಏನು ಅರ್ಥವಾಯಿತು, ಏನು ಗೊತ್ತಾಗಲಿಲ್ಲ, ಹೇಗೆ ಮಾಡಬಹುದು ಎಂದು ಕೇಳಿ. ಬೇಜಾರು ಮಾಡಿಕೊಳ್ಳದೆ ಇನ್ನೊಮ್ಮೆ ಬರೆಯಿರಿ. ನಿಮ್ಮಲ್ಲಿಗೆ ಯಾರಾದರೂ ಅವರ ಹಾಳೆ ತಂದರೆ ನೀವೂ ಸಮಯ ಕೊಟ್ಟು ಓದಿ, ನಗಬೇಡಿ.